ಮೂರೂವರೆ ವರ್ಷದ ಮಗಳಿಗೆ ಖಾಸಗಿ ಶಾಲೆಯ ಇಂಟರ್‌ವ್ಯೂ: ಏನು ಕಲಿಸಬೇಕು, ಏನು ಬಿಡಬೇಕು?

ಚಿಟ್ಟೆಯ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರೂವರೆ ವರ್ಷ. ಒಂದು ಖಾಸಗಿ ಶಾಲೆಯ ನರ್ಸರಿಗೆ ಅರ್ಜಿ ಹಾಕಿದ್ದೇವೆ. ಮುಂದಿನ ತಿಂಗಳು ಮಗುವನ್ನು ಕರೆದುಕೊಂಡು ಬನ್ನಿ, ಸ್ವಲ್ಪ ಹೊತ್ತು ನಮ್ಮ ಟೀಚರ್ ಜೊತೆ ಇರಲಿ, ಆಮೇಲೆ ನಿಮ್ಮ ಜೊತೆ ಮಾತಾಡುತ್ತೇವೆ ಎಂದಿದ್ದಾರೆ.

ಮಗಳು ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ. ಹೊರಗಿನವರು ಕಂಡರೆ ನನ್ನ ಹಿಂದೆ ಅಡಗುತ್ತಾಳೆ. ಅಕ್ಷರ ಬರುವುದಿಲ್ಲ. ಬಣ್ಣಗಳಲ್ಲಿ ಕೆಂಪು, ಹಳದಿ ಗೊತ್ತು, ಉಳಿದಿದ್ದೆಲ್ಲ ಅವಳಿಗೆ ನೀಲಿ. ಇಪ್ಪತ್ತರವರೆಗೆ ಎಣಿಸುತ್ತಾಳೆ, ಆದರೆ ಹದಿನಾಲ್ಕು ಅವಳ ಲೆಕ್ಕದಲ್ಲೇ ಇಲ್ಲ. ಅವಳ ವಾರಿಗೆಯ ಮಕ್ಕಳು ಆಗಲೇ ಹೆಸರು ಬರೆಯುತ್ತಾರೆ. ಕೋಚಿಂಗ್‌ಗೆ ಹಾಕಿ ಎಂದು ಒಬ್ಬರು, ಸುಮ್ನೆ ಬಿಡಿ ಎಂದು ಇನ್ನೊಬ್ಬರು. ಒಂದು ತಿಂಗಳಲ್ಲಿ ನಿಜವಾಗಿ ಏನು ಮಾಡಬಹುದು?

ಗಡಿಬಿಡಿ ಅಪ್ಪ:
ನಾನು ನೇರವಾಗಿ ಹೇಳುತ್ತೇನೆ. ಕೋಚಿಂಗ್‌ಗೆ ಹಾಕಿ ಮೇಡಂ. ಮಗು ಮಗುವಾಗಿಯೇ ಇರಲಿ ಎಂದು ಬುದ್ಧಿ ಹೇಳುವವರು ಮನೆಯಲ್ಲಿ ಕದ್ದುಮುಚ್ಚಿ ಫ್ಲ್ಯಾಶ್‌ಕಾರ್ಡ್ ತೋರಿಸುತ್ತಿರುತ್ತಾರೆ. ನಮ್ಮ ಮಗ ಬಣ್ಣ, ಆಕಾರ, ಪ್ರಾಣಿ, ವಾರದ ದಿನ ಎಲ್ಲ ಪಟಪಟ ಹೇಳಿದ. ಸೀಟು ಸಿಕ್ಕಿತು. ಸೀಟು ಕಡಿಮೆ, ಬರುವ ಮಕ್ಕಳು ಜಾಸ್ತಿ. ಕೈಕಟ್ಟಿ ಕೂತರೆ ಆಗುತ್ತಾ?

ಹಳೇ ನರ್ಸರಿ ಟೀಚರ್:
ನಾನು ಮೇಜಿನ ಆ ಕಡೆ ಕೂತವಳು. ಬಹಳ ವರ್ಷ ಸಣ್ಣ ಮಕ್ಕಳ ತರಗತಿ ನಡೆಸಿದ್ದೇನೆ. ಪ್ರವೇಶದ ಸಮಯದಲ್ಲಿ ಮಕ್ಕಳನ್ನು ನೋಡುವ ಕೆಲಸವೂ ನನ್ನ ಪಾಲಿಗೆ ಬರುತ್ತಿತ್ತು. ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ಕೋಚಿಂಗ್ ಬೇಕೋ ಬೇಡವೋ ಆಮೇಲೆ ನೀವೇ ನೋಡಿ.

ನಾಲ್ಕೈದು ಮಕ್ಕಳನ್ನು ಒಟ್ಟಿಗೆ ಒಳಗೆ ಕರೆಯುತ್ತೇವೆ. ಬ್ಲಾಕ್, ಪೋಣಿಸುವ ಮಣಿ, ಕ್ರೇಯಾನ್, ದೊಡ್ಡ ತುಂಡಿನ ಜಿಗ್‌ಸಾ, ಅಡುಗೆ ಆಟದ ಸಾಮಾನು, ಒಂದೆರಡು ಚಿತ್ರದ ಪುಸ್ತಕ ಇರುತ್ತವೆ. ಅರ್ಧ ಗಂಟೆ ಆಸುಪಾಸು. ಒಬ್ಬ ಟೀಚರ್ ಆಡಿಸುತ್ತಾರೆ, ಇನ್ನೊಬ್ಬರು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಾರೆ.

ಆ ಹಾಳೆಯಲ್ಲಿ ಏನಿರುತ್ತದೆ ಗೊತ್ತಾ? ಅಮ್ಮನ ಕೈ ಬಿಟ್ಟಾಗ ಮಗು ಏನು ಮಾಡಿತು. ಅತ್ತರೆ ಹೇಗೆ ಸುಮ್ಮನಾಯಿತು. ಹೆಸರು ಕರೆದರೆ ತಿರುಗಿ ನೋಡಿತಾ. ‘ಆ ಪುಸ್ತಕ ತಗೊಂಡು ಬಂದು ಇಲ್ಲಿ ಕೂತ್ಕೋ’ ಎಂದರೆ ಎರಡೂ ಕೆಲಸ ಮಾಡಿತಾ, ಪುಸ್ತಕ ಎತ್ತಿಕೊಂಡು ಎರಡನೆಯದನ್ನು ಮರೆಯಿತಾ. ಬೇಕಾದ ಆಟಿಕೆ ಇನ್ನೊಂದು ಮಗುವಿನ ಕೈಯಲ್ಲಿದ್ದರೆ ಕಿತ್ತುಕೊಂಡಿತಾ, ಕೇಳಿತಾ, ಕಾಯಿತಾ, ದೊಡ್ಡವರ ಮುಖ ನೋಡಿತಾ. ಕಟ್ಟಿದ ಗೋಪುರ ಬಿದ್ದಾಗ ಮತ್ತೆ ಕಟ್ಟಿತಾ. ಬಾತ್‌ರೂಮಿಗೆ ಹೋಗಬೇಕು ಎಂದು ಯಾವುದಾದರೂ ರೀತಿಯಲ್ಲಿ ತಿಳಿಸಿತಾ. ಆಟ ಮುಗಿಯಿತು, ಎತ್ತಿಡೋಣ ಎಂದಾಗ ಕೈ ಜೋಡಿಸಿತಾ.

ಇದರಲ್ಲಿ ಕಿತ್ತುಕೊಂಡ ಮಗು ಫೇಲ್, ಕೇಳಿದ ಮಗು ಪಾಸ್ ಎಂದಲ್ಲ. ಮೂರು ವರ್ಷದವರು ಕಿತ್ತುಕೊಳ್ಳುತ್ತಾರೆ. ಟೀಚರ್ ನಡುವೆ ಬಂದ ಮೇಲೆ ಏನಾಯಿತು ಎಂಬುದು ನಮಗೆ ಮುಖ್ಯ. ಮುಂದಿನ ವರ್ಷ ಇಪ್ಪತ್ತು ಚಿಲ್ಲರೆ ಮಕ್ಕಳ ನಡುವೆ ಈ ಮಗು ನಮ್ಮ ಮಾತಿಗೆ ಸಿಗುತ್ತದಾ ಎಂದು ನೋಡುತ್ತಿರುತ್ತೇವೆ.

ಅಳುವಿನ ಬಗ್ಗೆ ಎಲ್ಲರಿಗೂ ಭಯ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಮಕ್ಕಳ ಬೆಳವಣಿಗೆಯ ಪಟ್ಟಿ ಇಟ್ಟಿದೆ, 2022ರಲ್ಲಿ ಅದನ್ನು ಪರಿಷ್ಕರಿಸಿತು. ಆ ವಯಸ್ಸಿನ ಶೇ. 75 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಮಾಡಬಲ್ಲದ್ದನ್ನು ಮಾತ್ರ ಅದರಲ್ಲಿ ಹಾಕುತ್ತಾರೆ. ಮೂರು ವರ್ಷದ ಸಾಲಿನಲ್ಲಿ, ಬಿಟ್ಟುಹೋದ ಮೇಲೆ 10 ನಿಮಿಷದೊಳಗೆ ಸಮಾಧಾನವಾಗುತ್ತದೆ ಎಂದಿದೆ. ನೋಡಿ, ಅಳುವುದೇ ಇಲ್ಲ ಎಂದು ಎಲ್ಲೂ ಇಲ್ಲ. ಅತ್ತು ಸುಮ್ಮನಾಗಿ ಆಮೇಲೆ ಆಟಕ್ಕೆ ಬಂದ ಮಗುವನ್ನು ನಾವು ಖುಷಿಯಿಂದ ತೆಗೆದುಕೊಂಡಿದ್ದೇವೆ.

ಇನ್ನು ಎಣಿಕೆ. ಹದಿನಾಲ್ಕು ಬಿಟ್ಟುಹೋಗುವುದು ದೊಡ್ಡ ವಿಷಯವೇ ಅಲ್ಲ. ನೂರರವರೆಗೆ ಹೇಳುವ ಎಷ್ಟೋ ಮಕ್ಕಳಿಗೆ ‘ನಾಲ್ಕು ಮಣಿ ಕೊಡು’ ಎಂದರೆ ಬೊಗಸೆ ತುಂಬ ಕೊಡುತ್ತಾರೆ. ಎಣಿಸುವಾಗ ಕೊನೆಗೆ ಬಂದ ಅಂಕಿಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂದು ತಿಳಿಯುವುದು ಮೂರೂವರೆ, ನಾಲ್ಕರ ಹೊತ್ತಿಗೆ. ಇಷ್ಟು ಕೊಡು, ಅಷ್ಟು ಕೊಡು ಎಂದು ಕೇಳಿಯೇ ಕ್ಯಾರೆನ್ ವಿನ್ ಎಂಬ ಸಂಶೋಧಕಿ ಇದನ್ನು 1990ರಲ್ಲಿ ತೋರಿಸಿದರು. ಮನೆಯಲ್ಲಿ ‘ಮೂರು ಚಮಚ ತಗೊಂಡು ಬಾ’ ಎನ್ನಿ. ನೂರರ ಗಿಳಿಪಾಠಕ್ಕಿಂತ ಅದು ಮೇಲು.

ಕಲಿಸಿಕೊಟ್ಟ ಮಗು ನಮಗೆ ಗೊತ್ತಾಗುತ್ತದೆ. ಹೆಸರು ಕೇಳಿದರೆ ತನ್ನ ಹೆಸರು, ಅಪ್ಪನ ಹೆಸರು, ಅಮ್ಮನ ಕೆಲಸ ಎಲ್ಲ ಒಂದೇ ಉಸಿರಿಗೆ ಬರುತ್ತದೆ. ‘ನಿನ್ನೆ ಯಾರ ಜೊತೆ ಆಡಿದೆ?’ ಎಂದರೆ ಬಾಗಿಲ ಕಡೆ ನೋಡುತ್ತದೆ. ಆ ಪ್ರಶ್ನೆ ಪಟ್ಟಿಯಲ್ಲಿ ಇರಲಿಲ್ಲ, ಪಾಪ.

ಗಡಿಬಿಡಿ ಅಪ್ಪ:
ಮೇಡಂ, ನಿಮ್ಮ ಶಾಲೆ ಹಾಗಿತ್ತು, ಒಪ್ಪಿದೆ. ಎಲ್ಲ ಶಾಲೆ ಹಾಗಿಲ್ಲ. ನಮ್ಮ ಮಗನಿಗೆ ಮೇಜಿನ ಮುಂದೆ ಕೂರಿಸಿ ಕಾರ್ಡ್ ತೋರಿಸಿ ಕೇಳಿದರು. ಆಟ ಗೀಟ ಏನೂ ಇರಲಿಲ್ಲ. ಅಲ್ಲಿ ‘ನಮ್ಮ ಮಗು ಚೆನ್ನಾಗಿ ಕಾಯುತ್ತದೆ’ ಎಂದರೆ ಯಾರು ಕೇಳುತ್ತಾರೆ?

ಹಳೇ ನರ್ಸರಿ ಟೀಚರ್:
ನಿಮ್ಮ ಮಾತು ಸರಿ ಸರ್. ಕಾರ್ಡ್ ಹಿಡಿದು ಕೇಳುವ ಶಾಲೆಗಳಿವೆ. ಅದಕ್ಕೇ ಮೊದಲ ಕೆಲಸ, ಶಾಲೆಯವರನ್ನೇ ಕೇಳುವುದು. ಮಗು ಒಬ್ಬಳೇ ಇರುತ್ತಾಳಾ, ಗುಂಪಿನಲ್ಲಾ? ಅಪ್ಪ ಅಮ್ಮ ಜೊತೆಗೆ ಇರಬಹುದಾ? ಎಷ್ಟು ಹೊತ್ತು? ಯಾವ ಭಾಷೆಯಲ್ಲಿ ಮಾತಾಡಿಸುತ್ತೀರಿ? ಇದನ್ನು ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಕೊಡದೆ ಸಿಡುಕಿದರೆ ಅದೂ ಒಂದು ಮಾಹಿತಿ.

ಇನ್ನೊಂದು ವಿಷಯ. ಮೂರೂವರೆಗೆ ಅಕ್ಷರ ಬರೆಯಲೇಬೇಕು ಎನ್ನುವ ಶಾಲೆ ಮುಂದಿನ ಎರಡು ವರ್ಷವೂ ಹಾಗೇ ಇರುತ್ತದೆ. ಒಳಗೆ ಹೋದ ಮೇಲೆ ಅದು ಬದಲಾಗುವುದಿಲ್ಲ.

ಕಲಂ ಹದಿಮೂರು:
ಸಣ್ಣ ಮಕ್ಕಳ ಪರೀಕ್ಷೆ ಬೇಕಾ ಎಂಬುದರ ಬಗ್ಗೆ ಲೋಕದಲ್ಲೇ ಒಮ್ಮತ ಇಲ್ಲ. ಇಂಗ್ಲೆಂಡಿನ ಕೆಲವು ಖಾಸಗಿ ಶಾಲೆಗಳು ನಾಲ್ಕರ ಮಕ್ಕಳನ್ನೇ ಕರೆದು ನೋಡುತ್ತವೆ, ‘ಫೋರ್ ಪ್ಲಸ್’ ಎಂದೇ ಅದಕ್ಕೆ ಹೆಸರು. ಫಿನ್‌ಲ್ಯಾಂಡಿನಲ್ಲಿ ಮಗುವಿಗೆ ಏಳು ತುಂಬುವ ವರ್ಷಕ್ಕೆ ಶಾಲೆ ಶುರು. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ, ಪ್ರವೇಶಕ್ಕಾಗಿ ಮಗುವನ್ನೂ ಸೋಸಬಾರದು, ಅಪ್ಪ ಅಮ್ಮನನ್ನೂ ಸೋಸಬಾರದು ಎನ್ನುತ್ತದೆ. ಆದರೆ ಆ ಕಾಯ್ದೆಯಲ್ಲಿ ಮಗು ಎಂದರೆ 6ರಿಂದ 14 ವರ್ಷ. ನರ್ಸರಿಗೆ ಅನ್ವಯವಾಗುತ್ತದಾ ಎಂಬ ಜಗಳ ಅಲ್ಲೇ ಶುರುವಾಗುವುದು.

ಗಡಿಬಿಡಿ ಅಪ್ಪ ಅವರಿಗೆ ಒಂದು ವಿಷಯ. ನ್ಯೂಯಾರ್ಕಿನ ಖಾಸಗಿ ಶಾಲೆಗಳು ಬಹಳ ಕಾಲ ಪುಟ್ಟ ಮಕ್ಕಳಿಗೆ ಒಂದು ಬುದ್ಧಿಮತ್ತೆ ಪರೀಕ್ಷೆ ಕೊಡುತ್ತಿದ್ದವು. ಡೇವಿಡ್ ವೆಕ್ಸ್ಲರ್ 1967ರಲ್ಲಿ ಹೊರತಂದ ಪರೀಕ್ಷೆ ಅದರ ಮೂಲ. ಕ್ರಮೇಣ ಅದಕ್ಕೂ ಕೋಚಿಂಗ್ ಹುಟ್ಟಿಕೊಂಡಿತು. ಅಂಕ ನೋಡಿದರೆ ಮಗುವಿನ ಬಗ್ಗೆ ಏನೂ ತಿಳಿಯದ ಹಾಗಾಯಿತು. 2013ರಲ್ಲಿ ಆ ಶಾಲೆಗಳ ಸಂಘವೇ ಈ ಪರೀಕ್ಷೆಯನ್ನು ಇನ್ನು ಶಿಫಾರಸು ಮಾಡುವುದಿಲ್ಲ ಎಂದಿತು. ಕೋಚಿಂಗ್ ಕೆಲಸ ಮಾಡಿತು ಎನ್ನಿ, ಮಾಡಲಿಲ್ಲ ಎನ್ನಿ, ಎರಡೂ ನಿಜ!

ಗಡಿಬಿಡಿ ಅಪ್ಪ:
ನಿಂತುಹೋಗುವ ಮೊದಲು ಎಷ್ಟೋ ಮಕ್ಕಳಿಗೆ ಸೀಟು ಸಿಕ್ಕಿರುತ್ತದೆ ಅಲ್ವಾ? ನಾನು ಹೇಳಿದ್ದೂ ಅದನ್ನೇ.

ಅವಳಿಗಳ ತಾಯಿ:
ನನಗೆ ಅವಳಿ ಮಕ್ಕಳು. ಒಂದೇ ಮನೆ, ಒಂದೇ ಪುಸ್ತಕ, ಒಂದೇ ಅಮ್ಮನ ಗದರಿಕೆ. ಶಾಲೆಗೆ ಹೋದಾಗ ಒಬ್ಬ ಸೀದಾ ಹೋಗಿ ಟೀಚರ್ ಕುರ್ಚಿಯಲ್ಲೇ ಕೂತ. ಇನ್ನೊಬ್ಬ ಕೊನೆವರೆಗೂ ಬಾಗಿಲ ಚಿಲಕದ ಜೊತೆ ಆಡಿದ. ಇಬ್ಬರಿಗೂ ಸೀಟು ಸಿಕ್ಕಿತು. ಈಗ ಕುರ್ಚಿಯಲ್ಲಿ ಕೂತವನೇ ಟೀಚರ್‌ಗೆ ಜಾಸ್ತಿ ತಲೆನೋವು. ತಯಾರಿಯ ಬಗ್ಗೆ ನನ್ನ ನಂಬಿಕೆ ಅಂದೇ ಅರ್ಧ ಹೋಯಿತು.

ಉಳಿದ ಅರ್ಧ ಹೇಳುತ್ತೇನೆ. ನಾಚಿಕೆಯ ಮಗುವಿಗೆ ‘ಮಾತಾಡು, ಮಾತಾಡು’ ಎನ್ನಬೇಡಿ. ಎಲ್ಲರ ಮುಂದೆ ‘ಇವಳು ತುಂಬ ಶೈ’ ಎಂದೂ ಹೇಳಬೇಡಿ. ಅದನ್ನು ಕೇಳಿಸಿಕೊಂಡ ಮಗು ಅದೇ ಪಾತ್ರ ಹಿಡಿದು ಕೂರುತ್ತದೆ. ಚಿಕ್ಕಮ್ಮನ ಮನೆಯಲ್ಲೋ ಗೆಳತಿಯ ಮನೆಯಲ್ಲೋ ಅರ್ಧ ಗಂಟೆ ಬಿಟ್ಟು ಬನ್ನಿ. ಹೋಗುವಾಗ ಹೇಳಿ ಹೋಗಿ. ಕಣ್ಣು ತಪ್ಪಿಸಿ ಓಡಿದರೆ ಮುಂದಿನ ಸಲ ಸೆರಗೇ ಬಿಡುವುದಿಲ್ಲ. ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ‘ಅಮ್ಮ ಹೋದರೆ ಬರುತ್ತಾಳೆ’ ಎಂಬುದು ಮಗುವಿಗೆ ಗಟ್ಟಿಯಾಗಬೇಕು, ಅಷ್ಟೇ.

ಚಿಟ್ಟೆಯ ಅಮ್ಮ:
ಇದು ಈ ವಾರವೇ ಶುರು ಮಾಡುತ್ತೇನೆ. ಆದರೆ ಬರೆಯುವ ವಿಷಯ ಯಾರೂ ಹೇಳಲಿಲ್ಲ. ಪೆನ್ಸಿಲ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಬಿಡಿಸಿ ಸರಿ ಮಾಡಿದರೆ ಎಸೆಯುತ್ತಾಳೆ.

ಬೆರಳು ಕೆಲಸ:
ನಾನು ಆಕ್ಯುಪೇಷನಲ್ ಥೆರಪಿಸ್ಟ್, ಮಕ್ಕಳ ಕೈಕೆಲಸವೇ ನನ್ನ ಕೆಲಸ. ಪೆನ್ಸಿಲ್ ಒಂದು ತಿಂಗಳು ಎತ್ತಿಡಿ, ದಯವಿಟ್ಟು.

ಹಿಡಿತ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ಮುಷ್ಟಿ, ಆಮೇಲೆ ಬೆರಳುಗಳನ್ನು ಕೆಳಮುಖ ಮಾಡಿ ಹಿಡಿಯುವುದು, ಆಮೇಲೆ ಹೆಬ್ಬೆರಳು ಮತ್ತು ಬೆರಳುಗಳ ನಡುವೆ. ಸಿಡಿಸಿ ಪಟ್ಟಿಯಲ್ಲೂ ಮುಷ್ಟಿ ಬಿಟ್ಟು ಬೆರಳಲ್ಲಿ ಹಿಡಿಯುವುದು ನಾಲ್ಕು ವರ್ಷದ ಸಾಲಿನಲ್ಲಿದೆ. ನಿಮ್ಮ ಮಗಳಿಗೆ ಮೂರೂವರೆ. ತಡವೇನೂ ಆಗಿಲ್ಲ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೃದ್ವಸ್ಥಿ, ವರ್ಷಗಳ ಮೇಲೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಮೂರೂವರೆಗೆ ಎಲ್ಲವೂ ಗಟ್ಟಿಯಾಗಿರುವುದಿಲ್ಲ.

ಆಕಾರಕ್ಕೂ ಒಂದು ಕ್ರಮ ಇದೆ. ನೋಡಿ ಬಿಡಿಸುವಾಗ ಮೂರರ ಸುಮಾರಿಗೆ ವೃತ್ತ ಬರುತ್ತದೆ, ನಾಲ್ಕರ ಹೊತ್ತಿಗೆ ಕೂಡಿಸುವ ಗುರುತು, ನಾಲ್ಕೂವರೆ ಹತ್ತಿರ ಚೌಕ, ಐದಕ್ಕೆ ತ್ರಿಕೋನ. ಓರೆ ಗೆರೆ ಎಳೆಯುವುದು ಕಷ್ಟದ ಕೆಲಸ. ಅದು ಬಾರದ ಮಗುವಿಗೆ ಅಡ್ಡ, ಓರೆ, ಸುರುಳಿ ಎಲ್ಲ ಇರುವ ಅಕ್ಷರ ಬರೆ ಎಂದರೆ ಅದು ಬರೆಯುವುದಿಲ್ಲ, ಎಸೆಯುತ್ತದೆ. ನಿಮ್ಮ ಮಗಳು ಮಾಡಿದ್ದೂ ಅದೇ.

ಬದಲಿಗೆ ಹಿಟ್ಟು ನಾದಲಿ. ಕಾಗದ ಹರಿಯಲಿ, ಮಕ್ಕಳ ಕತ್ತರಿಯಲ್ಲಿ ಕತ್ತರಿಸಲಿ. ಬಟ್ಟೆಯ ಕ್ಲಿಪ್ ಒತ್ತಿ ಹಗ್ಗಕ್ಕೆ ಹಾಕಲಿ. ತನ್ನ ಗುಂಡಿ ತಾನೇ ಬಿಚ್ಚಲಿ. ಕ್ರೇಯಾನ್ ಉದ್ದದ್ದು ಬೇಡ, ಮುರಿದು ಬೆರಳಿಗಿಂತ ಚಿಕ್ಕದು ಕೊಡಿ. ತುಂಡು ಪುಟ್ಟದಾದಷ್ಟೂ ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಬೆರಳು ತಾನಾಗಿ ಸರಿಯಾಗುತ್ತದೆ. ಗೋಡೆಗೆ ಕಾಗದ ಅಂಟಿಸಿ ನಿಂತು ಬಿಡಿಸಲಿ, ಆಗ ಭುಜ, ಮಣಿಕಟ್ಟು ಎರಡೂ ಬಲಿಯುತ್ತವೆ. ಎಡಗೈಯಲ್ಲಿ ಹಿಡಿದರೆ ಬಲಗೈಗೆ ಬದಲಾಯಿಸಬೇಡಿ. ಶಾಲೆಯವರಿಗೆ ಒಂದು ಮಾತು ಹೇಳಿದರೆ ಸಾಕು.

ಪೇರಿ ಪುಸ್ತಕದ ಅಕ್ಕ:
ಬೆರಳಿಗಿಂತ ಚಿಕ್ಕದು ಅಂದರೆ ಎಷ್ಟು? ನನ್ನ ಮಗನ ಕ್ರೇಯಾನ್ ಎಲ್ಲ ತಾನಾಗೇ ಮುರಿದು ಉಗುರಿನಷ್ಟಾಗಿವೆ 😀

ಬೆರಳು ಕೆಲಸ:
ಹೆಬ್ಬೆರಳಿನ ಅರ್ಧದಷ್ಟು ಇದ್ದರೆ ಸರಿ. ಉಗುರಿನಷ್ಟು ಬೇಡ, ಬಾಯಿಗೆ ಹಾಕುವ ವಯಸ್ಸು.

ಪೇರಿ ಪುಸ್ತಕದ ಅಕ್ಕ:
ಸರಿ. ನಾನು ಓದಿನ ವಿಷಯ ಹೇಳುತ್ತೇನೆ, ನನಗೆ ಗೊತ್ತಿರುವುದು ಅದೊಂದೇ. ಚಿತ್ರದ ಪುಸ್ತಕ ಓದುವುದು ಎಲ್ಲರಿಗೂ ಗೊತ್ತು. ಹೇಗೆ ಓದುತ್ತೇವೆ ಎಂಬುದರಲ್ಲಿ ವ್ಯತ್ಯಾಸ ಇದೆ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿನ ಅಪ್ಪ ಅಮ್ಮಂದಿರಿಗೆ ಓದುವಾಗ ಮಗುವಿನಿಂದ ಮಾತು ಹೊರಡಿಸುವುದು ಹೇಗೆ ಎಂದು ಹೇಳಿಕೊಟ್ಟರು. ಇನ್ನೊಂದು ಗುಂಪು ಎಂದಿನಂತೆ ಓದಿತು. ಒಂದೇ ತಿಂಗಳ ಪ್ರಯೋಗ. ಮೊದಲ ಗುಂಪಿನ ಮಕ್ಕಳು ಮಾತಿನಲ್ಲಿ ಮುಂದಿದ್ದರು. ಅವು ಇನ್ನೂ ಮೂರು ತುಂಬದ ಮಕ್ಕಳು. ನಿಮ್ಮ ಹತ್ತಿರವೂ ಒಂದು ತಿಂಗಳಿದೆ.

ಮಾಡುವುದು ಇಷ್ಟೇ. ‘ಇದು ಏನು?’ ಎಂದು ಕೇಳಿದರೆ ‘ನಾಯಿ’ ಎಂದು ಮಾತು ಮುಗಿಯುತ್ತದೆ. ‘ನಾಯಿ ಯಾಕೆ ಮಂಚದ ಕೆಳಗೆ ಹೋಯಿತು?’ ಎಂದರೆ ಮಗು ಯೋಚಿಸುತ್ತದೆ. ಏನೋ ಹೇಳುತ್ತದೆ. ಅದಕ್ಕೆ ಒಂದೆರಡು ಪದ ಸೇರಿಸಿ ತಿರುಗಿ ಹೇಳಿ. ‘ಹೆದರಿತು’ ಎಂದರೆ ‘ಹೌದು, ಗುಡುಗಿಗೆ ಹೆದರಿತು’ ಎನ್ನಿ. ಆಮೇಲೆ ಬಾಯಿ ಮುಚ್ಚಿ ಕಾಯಿರಿ. ಕಾಯುವುದೇ ನಮಗೆ ಬರುವುದಿಲ್ಲ, ಮಗುವಿನ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಚಿತ್ರ ತೋರಿಸಿ ಏನಾಗುತ್ತಿದೆ ಎಂದು ಟೀಚರ್ ಕೇಳಿದರೆ ಈ ಅಭ್ಯಾಸವೇ ಕೈ ಹಿಡಿಯುತ್ತದೆ. ಕಾರ್ಡ್ ತೋರಿಸುವ ಶಾಲೆಯಲ್ಲೂ.

ಅಜ್ಜನ ಲಾಗಿನ್:
ಮೊಮ್ಮಗನನ್ನು ನಾನೂ ತಯಾರು ಮಾಡಿದೆ. ಎರಡು ಒಂದೇ ಲೋಟಕ್ಕೆ ಸಮ ನೀರು ಹಾಕಿ ತೋರಿಸಿದೆ. ಒಂದನ್ನು ಅವನ ಕಣ್ಣೆದುರೇ ಉದ್ದನೆಯ ಸಪೂರ ಲೋಟಕ್ಕೆ ಸುರಿದೆ. ಯಾವುದರಲ್ಲಿ ಜಾಸ್ತಿ ಎಂದರೆ ಉದ್ದದ್ದರಲ್ಲಿ ಎನ್ನುತ್ತಾನೆ. ತಿರುಗಿ ಸುರಿದು ತೋರಿಸಿದೆ. ಸಮ ಎಂದ. ಮತ್ತೆ ಉದ್ದಕ್ಕೆ ಸುರಿದರೆ ಮತ್ತೆ ಜಾಸ್ತಿ! ಇವನಿಗೆ ಬುದ್ಧಿ ಯಾವಾಗ ಬರುವುದೋ, ಸೊಸೆಗೆ ಹೇಳೋಣವೋ ಬೇಡವೋ ಎಂದು ಯೋಚನೆಯಾಗಿದೆ.

ಹಳೇ ನರ್ಸರಿ ಟೀಚರ್:
ಅಜ್ಜ, ಸೊಸೆಗೆ ಏನೂ ಹೇಳಬೇಡಿ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡಿದ ಸ್ವಿಸ್ ಮನೋವಿಜ್ಞಾನಿ ಝಾನ್ ಪಿಯಾಜೆ ಇದೇ ಆಟ ಆಡಿಸಿ ಹೆಸರು ಮಾಡಿದವರು. ಏಳರ ಆಸುಪಾಸಿನವರೆಗೆ ಹೆಚ್ಚಿನ ಮಕ್ಕಳು ನಿಮ್ಮ ಮೊಮ್ಮಗ ಹೇಳಿದ್ದನ್ನೇ ಹೇಳುತ್ತಾರೆ. ಎತ್ತರ ಮಾತ್ರ ಕಣ್ಣಿಗೆ ಬೀಳುತ್ತದೆ, ಅಗಲ ಬೀಳುವುದಿಲ್ಲ. ಹೇಳಿಕೊಟ್ಟು ತಿದ್ದುವ ವಿಷಯವಲ್ಲ ಇದು. ನೀರಾಟ ಮುಂದುವರಿಸಿ, ಅವನಿಗೆ ಖುಷಿ.

ಅಜ್ಜನ ಲಾಗಿನ್:
ಬದುಕಿದೆ. ನೀರಾಟ ಈಗ ಬಚ್ಚಲಿಗೆ ಹೋಗಿದೆ.

ಮೂಕ ಓದುಗ:
ಹುಟ್ಟಿದ ತಿಂಗಳ ವಿಷಯ ಯಾರೂ ಎತ್ತಿಲ್ಲ. ನನ್ನ ಮಗ ಪ್ರವೇಶದ ವಯಸ್ಸು ಲೆಕ್ಕ ಹಾಕುವ ಕಟ್‌ಆಫ್ ದಿನಾಂಕಕ್ಕೆ ಸ್ವಲ್ಪ ಮುಂಚೆ ಹುಟ್ಟಿದವನು. ಆ ತರಗತಿಗೆ ಅರ್ಜಿ ಹಾಕಿದವರಲ್ಲೇ ಚಿಕ್ಕವನು. ಅವನ ಜೊತೆ ಬಂದ ಹುಡುಗಿ ವಾಕ್ಯದ ಮೇಲೆ ವಾಕ್ಯ ಹೇಳುತ್ತಿದ್ದಳು. ಇವನು ‘ಅದು ಬೇಕು’ ಎಂದ, ಅಷ್ಟೇ. ಸೀಟು ಸಿಗಲಿಲ್ಲ.

ಹಳೇ ನರ್ಸರಿ ಟೀಚರ್:
ಒಳ್ಳೆಯ ಮಾತು ಎತ್ತಿದಿರಿ. ಒಬ್ಬನಿಗೆ 36 ತಿಂಗಳು, ಪಕ್ಕದವಳಿಗೆ 47 ಎಂದುಕೊಳ್ಳಿ. ಇಬ್ಬರೂ ಒಂದೇ ತರಗತಿಗೆ ಬಂದವರು. ಆ 11 ತಿಂಗಳು ಎಂದರೆ ಚಿಕ್ಕವನು ಇಲ್ಲಿಯವರೆಗೆ ಬದುಕಿದ್ದರ ಮೂರನೇ ಒಂದು ಪಾಲಿನ ಹತ್ತಿರ. ಹತ್ತನೇ ವಯಸ್ಸಿಗೆ ಆ ಅಂತರ ಬಹಳ ಕಡಿಮೆ ಎನಿಸುತ್ತದೆ. ಚೆನ್ನಾಗಿ ನಡೆಸುವ ಶಾಲೆಗಳು ಮಕ್ಕಳನ್ನು ಹುಟ್ಟಿದ ತಿಂಗಳ ಪ್ರಕಾರ ಗುಂಪು ಮಾಡಿ ಕರೆಯುತ್ತವೆ. ಎಲ್ಲರೂ ಮಾಡುವುದಿಲ್ಲ. ನೀವು ಕೇಳಬಹುದು. ಒಂದು ವರ್ಷ ಬಿಟ್ಟು ಅರ್ಜಿ ಹಾಕಲು ವಯಸ್ಸಿನ ನಿಯಮ ಬಿಡುತ್ತದಾ ಎಂದೂ ಕೇಳಿ. ಬಿಟ್ಟರೆ ಅದು ಸೋಲಲ್ಲ ಸರ್.

ಎರಡು ನಾಲಿಗೆ:
ನಮ್ಮ ಮನೆಮಾತು ಬೇರೆ, ಶಾಲೆಯ ಭಾಷೆ ಬೇರೆ. ಈಗಿನಿಂದ ಮನೆಯಲ್ಲೂ ಶಾಲೆಯ ಭಾಷೆಯೇ ಆಡಬೇಕಾ? ಜೊತೆಗೆ ಮಗ ಇತ್ತೀಚೆಗೆ ‘ನ ನ ನನಗೆ’ ಎಂದು ಎಳೆಯುತ್ತಿದ್ದಾನೆ. ಇಂಟರ್‌ವ್ಯೂ ಹತ್ತಿರ ಬಂತು, ನಿದ್ದೆ ಬರುತ್ತಿಲ್ಲ.

ಮಾತಿನ ಮನೆ:
ನಾನು ಮಕ್ಕಳ ಮಾತಿನ ಥೆರಪಿಸ್ಟ್. ಎರಡನ್ನೂ ಬೇರೆ ಬೇರೆ ನೋಡೋಣ.

ಮನೆಮಾತು ಬಿಡಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ, ತಲೆ ಕಲಸಿಹೋಗುವುದೂ ಇಲ್ಲ. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಕಥೆ ಹೇಳಬಲ್ಲಿರಿ, ತಮಾಷೆ ಮಾಡಬಲ್ಲಿರಿ, ಗದರಬಲ್ಲಿರಿ. ಮಗುವಿಗೆ ಬೇಕಾದ್ದು ಆ ತುಂಬಿದ ಮಾತು. ಶಾಲೆಯ ಭಾಷೆಯಲ್ಲಿ ನಾಲ್ಕೈದು ಮಾತು ಸಾಕು: ನೀರು ಬೇಕು, ಬಾತ್‌ರೂಮ್, ನೋವಾಯಿತು, ಸಹಾಯ ಮಾಡಿ, ಬೇಡ. ಮಗ ಮನೆಯಲ್ಲಿ ಬಾತ್‌ರೂಮಿಗೆ ಏನನ್ನುತ್ತಾನೆ ಎಂದು ಟೀಚರ್‌ಗೆ ಮೊದಲೇ ಬರೆದು ಕೊಡಿ. ಹೊಸ ಭಾಷೆಯ ಕೋಣೆಗೆ ಬಂದ ಮಕ್ಕಳಲ್ಲಿ ಕೆಲವರು ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಅನುಭವ ಇರುವ ಟೀಚರ್‌ಗೆ ಇದು ಹೊಸದಲ್ಲ.

ತಡವರಿಕೆ ಎರಡರಿಂದ ಐದರ ನಡುವೆ ಶುರುವಾಗುವುದು ಸಾಮಾನ್ಯ. ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ‘ನಿಧಾನ ಹೇಳು’, ‘ಉಸಿರು ತಗೊಂಡು ಹೇಳು’ ಎನ್ನಬೇಡಿ. ವಾಕ್ಯ ನೀವು ಮುಗಿಸಬೇಡಿ. ಅವನ ಕಣ್ಣು ನೋಡಿ, ನೀವೇ ಸ್ವಲ್ಪ ನಿಧಾನವಾಗಿ ಮಾತಾಡಿ. ತಿಂಗಳುಗಟ್ಟಲೆ ಹಾಗೇ ಇದ್ದರೆ, ಮಾತಾಡುವಾಗ ಮುಖ ಬಿಗಿದರೆ, ಮನೆಯಲ್ಲಿ ಯಾರಿಗಾದರೂ ದೊಡ್ಡವರಾದ ಮೇಲೂ ತಡವರಿಕೆ ಇದ್ದರೆ, ಥೆರಪಿಸ್ಟ್ ಹತ್ತಿರ ತೋರಿಸಿ. ಇಂಟರ್‌ವ್ಯೂಗಾಗಿ ಅವಸರದಲ್ಲಿ ತೋರಿಸುವುದಲ್ಲ, ಅವನಿಗಾಗಿ. ಶಾಲೆಗೆ ಮುಂಚೆಯೇ ಹೇಳಿಬಿಡಿ. ಮುಚ್ಚಿಡಬೇಕು ಎಂದು ಮಗನಿಗೆ ಹೇಳಿಕೊಟ್ಟರೆ ತಡವರಿಕೆ ಜಾಸ್ತಿಯೇ ಆಗುತ್ತದೆ.

ಗಡಿಬಿಡಿ ಅಪ್ಪ:
ಈ ಉತ್ತರ ಚೆನ್ನಾಗಿದೆ. ನಾನು ಕೋಚಿಂಗ್ ಪಕ್ಷದಲ್ಲೇ ಇದ್ದೇನೆ, ಆದರೆ ಒಂದು ಸೇರಿಸುತ್ತೇನೆ. ಕೋಚಿಂಗ್‌ನವರು ಮಗುವನ್ನು ‘ಪರೀಕ್ಷೆ ಇದೆ, ತಪ್ಪು ಹೇಳಿದರೆ ಸೀಟು ಇಲ್ಲ’ ಎಂದು ಹೆದರಿಸುವವರಾದರೆ ಅವತ್ತೇ ಬಿಡಿಸಿ. ಅಂಥವರು ಇದ್ದಾರೆ. ನಮ್ಮ ಮಗನ ಜೊತೆ ಬರುತ್ತಿದ್ದ ಒಂದು ಮಗು ಬಾಗಿಲು ಕಂಡರೇ ವಾಂತಿ ಮಾಡುತ್ತಿತ್ತು.

ಅವಳಿಗಳ ತಾಯಿ:
ಮೊದಲ ಸಲ ನಿಮ್ಮ ಮಾತಿಗೆ ಲೈಕ್ ಒತ್ತಿದೆ.

ಹಳೇ ನರ್ಸರಿ ಟೀಚರ್:
ಆ ದಿನದ ಬಗ್ಗೆ ಒಂದಷ್ಟು. ಮಗುವಿಗೆ ಪರೀಕ್ಷೆ, ಇಂಟರ್‌ವ್ಯೂ ಎಂಬ ಮಾತೇ ಬೇಡ. ‘ಒಂದು ಶಾಲೆ ನೋಡಲು ಹೋಗುತ್ತೇವೆ, ಅಲ್ಲಿ ಒಬ್ಬರು ಟೀಚರ್ ಇರುತ್ತಾರೆ, ನೀನು ಸ್ವಲ್ಪ ಹೊತ್ತು ಆಡುತ್ತೀಯ, ನಾನು ಹೊರಗೆ ಕುರ್ಚಿಯಲ್ಲಿ ಕೂತಿರುತ್ತೇನೆ’. ಇಷ್ಟು ಸಾಕು. ಹಿಂದಿನ ದಿನ ಹೇಳಿ, ವಾರಕ್ಕೆ ಮುಂಚೆ ಬೇಡ. ಚೆನ್ನಾಗಿ ಮಾಡಿದರೆ ಆಟಿಕೆ ಕೊಡಿಸುತ್ತೇನೆ ಎಂಬ ಲಂಚವೂ ಬೇಡ. ಬಾಗಿಲು ದಾಟುತ್ತಲೇ ‘ನಾನು ಚೆನ್ನಾಗಿ ಮಾಡಿದ್ನಾ?’ ಎಂದು ನಮ್ಮನ್ನೇ ಕೇಳುವ ಮಕ್ಕಳನ್ನು ನೋಡಿದ್ದೇನೆ.

ನಿದ್ದೆ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು, ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಪರದೆಯ ಮುಂದೆ 1 ಗಂಟೆಗಿಂತ ಜಾಸ್ತಿ ಬೇಡ. ಮಧ್ಯಾಹ್ನ ಮಲಗುವ ಮಗುವಿಗೆ ಆ ಹೊತ್ತಿನ ಸ್ಲಾಟ್ ಕೊಟ್ಟರೆ ಬೆಳಿಗ್ಗೆ ಕೊಡಿ ಎಂದು ಕೇಳಿ, ನಾಚಿಕೊಳ್ಳಬೇಡಿ. ಹೊಸ ಬಿಗಿ ಬಟ್ಟೆ ಬೇಡ. ತಾನೇ ಎಳೆದು ಇಳಿಸಬಲ್ಲ ಚಡ್ಡಿ, ತಾನೇ ಹಾಕಿಕೊಳ್ಳಬಲ್ಲ ಚಪ್ಪಲಿ. ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ ಇರಲಿ. ಜ್ವರ ಇದ್ದರೆ ಹೋಗಬೇಡಿ, ಫೋನ್ ಮಾಡಿ ಬೇರೆ ದಿನ ಕೇಳಿ.

ಆಮೇಲೆ ಅಪ್ಪ ಅಮ್ಮ. ಹೊರಗೆ ಕೂತವರನ್ನೂ ಶಾಲೆ ನೋಡುತ್ತದೆ, ಗೊತ್ತಿರಲಿ. ಮಗು ಹೊರಗೆ ಬಂದ ಕೂಡಲೇ ‘ಏನು ಕೇಳಿದರು? ನೀನು ಏನು ಹೇಳಿದೆ?’ ಎಂದು ಮುಗಿಬೀಳಬೇಡಿ.

ಚಿಟ್ಟೆಯ ಅಮ್ಮ:
ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ನಿನ್ನೆ ಹೋಗಿ ಬಂದೆವು. ಬಾಗಿಲಲ್ಲಿ ಅತ್ತಳು. ಟೀಚರ್ ಅವಳನ್ನು ಎತ್ತಿಕೊಳ್ಳಲಿಲ್ಲ, ಪಕ್ಕದಲ್ಲಿ ಕೂತು ತಾವೇ ಮಣಿ ಪೋಣಿಸತೊಡಗಿದರು. ಸ್ವಲ್ಪ ಹೊತ್ತಿಗೆ ಇವಳೂ ಒಂದು ಮಣಿ ಎತ್ತಿಕೊಂಡಳು. ಆಮೇಲೆ ನಮಗೆ ಬಾಗಿಲು ಮುಚ್ಚಿತು. ಹಸಿರು ಬ್ಲಾಕ್ ತೋರಿಸಿ ಕೇಳಿದ್ದಕ್ಕೆ ‘ನೀಲಿ’ ಎಂದಳಂತೆ, ಟೀಚರ್ ನಗುತ್ತಾ ಹೇಳಿದರು. ‘ಇನ್ನೊಂದು ಕೆಂಪು ಕಾರು ಎಲ್ಲಿ?’ ಎಂದು ಅವರನ್ನೇ ವಿಚಾರಿಸಿದಳಂತೆ. ಫಲಿತಾಂಶ ಇನ್ನೂ ಬಂದಿಲ್ಲ. ಎರಡನೇ ಶಾಲೆಯ ಸರದಿ ಬರುವ ವಾರ. ಅಲ್ಲಿ ನಮ್ಮಿಬ್ಬರನ್ನೂ ಕೂರಿಸಿ ಮಾತಾಡುತ್ತಾರಂತೆ. ಬೇರೆ ಯಾವ ಶಾಲೆಗೆ ಹಾಕಿದ್ದೀರಿ ಎಂದು ಕೇಳಿದರೆ ಏನು ಹೇಳುವುದು? ಮಗುವಿನ ಕುಂದು ಏನು ಎಂದೂ ಕೇಳುತ್ತಾರಂತೆ.

ಹಳೇ ನರ್ಸರಿ ಟೀಚರ್:
ಇದ್ದಿದ್ದನ್ನು ಹೇಳಿ. ಒಂದೇ ಕಡೆ ಅರ್ಜಿ ಹಾಕಿ ಕೂರುವವರು ಯಾರೂ ಇಲ್ಲ ಎಂದು ಶಾಲೆಗೂ ಗೊತ್ತು. ‘ಇನ್ನೊಂದು ಕಡೆಯೂ ಹಾಕಿದ್ದೇವೆ, ನಿಮ್ಮಲ್ಲಿ ನಮಗೆ ಹಿಡಿಸಿದ್ದು ಇದು’ ಎಂದು ಒಂದು ಗಟ್ಟಿ ಕಾರಣ ಹೇಳಿ. ಅದಕ್ಕೆ ಶಾಲೆಯನ್ನು ಒಮ್ಮೆ ನೋಡಿ ಬಂದಿರಬೇಕು. ಬ್ರೋಷರ್‌ನಲ್ಲಿ ಇರುವುದನ್ನೇ ತಿರುಗಿ ಹೇಳಿದರೆ ಅವರಿಗೆ ಗೊತ್ತಾಗುತ್ತದೆ.

ಕುಂದು ಕೇಳಿದರೆ ‘ತುಂಬ ಪರ್ಫೆಕ್ಷನಿಸ್ಟ್’ ಎಂಬ ಹೊಗಳಿಕೆಯ ಕುಂದು ಬೇಡ, ಅದನ್ನು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ‘ಹೊಸಬರ ಹತ್ತಿರ ಬೆರೆಯಲು ಹೊತ್ತು ಬೇಕು, ಪಕ್ಕದಲ್ಲಿ ಕೂತು ಏನಾದರೂ ಮಾಡುತ್ತಿದ್ದರೆ ತಾನೇ ಬರುತ್ತಾಳೆ’ ಎನ್ನಿ. ಮೊದಲ ಶಾಲೆಯ ಟೀಚರ್ ಅದನ್ನು ನಿಮಗೆ ತೋರಿಸಿಯೇ ಕೊಟ್ಟಿದ್ದಾರಲ್ಲ. ನಿಮ್ಮವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಮಗು ಎಷ್ಟು ಗಂಟೆಗೆ ಮಲಗುತ್ತದೆ ಎಂದು ಕೇಳಿದಾಗ ಅಮ್ಮ ಒಂಬತ್ತು, ಅಪ್ಪ ಹನ್ನೊಂದು ಎಂದ ಜೋಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಹುಟ್ಟಿದ ಪ್ರಮಾಣಪತ್ರ, ಲಸಿಕೆ ಕಾರ್ಡ್ ಎರಡರ ಮೂಲಪ್ರತಿ ಮತ್ತು ಜೆರಾಕ್ಸ್ ಇಟ್ಟುಕೊಳ್ಳಿ. ಎರಡರಲ್ಲೂ ಹೆಸರಿನ ಕಾಗುಣಿತ ಒಂದೇ ಇದೆಯಾ ಎಂದು ಇವತ್ತೇ ನೋಡಿ.

ಚಿಟ್ಟೆಯ ಅಮ್ಮ:
ನೋಡಿದೆ. ಒಂದರಲ್ಲಿ ದೀರ್ಘ ಬಿಟ್ಟುಹೋಗಿದೆ. ನಾಳೆಯೇ ತಿದ್ದಿಸಲು ಹೋಗುತ್ತೇನೆ.